ಲಿಯೋನ್ ಟಪ್ಪಾಲಿನ ಮೊಕದ್ದಮೆ: ನ್ಯಾಯಸ್ಥಾನ, ರಂಗಭೂಮಿ, ಮೂಕಚಿತ್ರ

ಲೆಯೋಂ ಪ್ವಾರಿಯೇ 1923ರಲ್ಲಿ ನಿರ್ದೇಶಿಸಿದ ‘ಲಿಯೋನ್ ಟಪ್ಪಾಲಿನವನ ಮೊಕದ್ದಮೆ’ ಎಂಬ ಫ್ರೆಂಚ್ ಮೂಕಚಿತ್ರದ ವಸ್ತು ಕಲ್ಪಿತವಾದುದಲ್ಲ. ಫ್ರೆಂಚ್ ಕ್ರಾಂತಿಯ ಕಡೆಯ ವರ್ಷಗಳ ಒಂದು ಅಪರಾಧ. ಈ ವಿಷಯದಲ್ಲಿ ಜನರ ತೀರ್ಪಿಗೂ ನ್ಯಾಯಸ್ಥಾನದ ತೀರ್ಪಿಗೂ ಉಂಟಾದ ಭೇದದ ಕಾರಣವನ್ನು ನಾವಿಲ್ಲಿ ವಿಚಾರಿಸುತ್ತೇವೆ.

1796ರ ಏಪ್ರಿಲ್ 27ರ ರಾತ್ರಿ ಪ್ಯಾರಿಸಿನಿಂದ ಲಿಯೋನಿಗೆ ಹೊರಟಿದ್ದ ಟಪ್ಪಾಲು ಬಂಡಿಯನ್ನು ಮೆಲನ್ ಪಟ್ಟಣದ ಬಳಿ ದರೋಡೆಕೋರರು ತಡೆದು, ಟಪ್ಪಾಲಿನವನನ್ನೂ ಬಂಡಿಯಾಳನ್ನೂ ಕೊಂದು, ಇಟಲಿಯಲ್ಲಿದ್ದ ಸೈನ್ಯಕ್ಕೆಂದು ಸಾಗುತ್ತಿದ್ದ ಹಣವನ್ನು ಅಪಹರಿಸಿದರು. ದ್ವೇ ಊರಿನ ಝೋಸೆಫ್ ಲೆಸ್ಯುರ್ಕ್ ಎಂಬಾತ ಮಿತ್ರನೊಬ್ಬನ ಜೊತೆಯಲ್ಲಿ ನ್ಯಾಯಾಧಿಕಾರಿ ದೋಬಾಂತೋನನ ಕಚೇರಿಗೆ ಹೋಗಿದ್ದಾಗ, ಸಾಕ್ಷ್ಯಕ್ಕೆ ಬಂದಿದ್ದ ಇಬ್ಬರು ಹೆಂಗಸರು ಅವನನ್ನು ಗುರುತಿಸಿದರು. ಆ ದಿನ ಅವನು ಪ್ಯಾರಿಸಿನಲ್ಲಿದ್ದನೆಂದು ಒಬ್ಬ ಆಭರಣ ವ್ಯಾಪಾರಿ ತನ್ನ ಲೆಕ್ಕದ ಪುಸ್ತಕವನ್ನು ಆಧಾರವಾಗಿಟ್ಟು ನುಡಿದನು. ಆದರೆ ಆ ಪುಸ್ತಕದಲ್ಲಿ 9ನೆಯ ತಾರೀಖನ್ನು 8 ಎಂದು ತಿದ್ದಿದ್ದುದು ಹೊರಬಿತ್ತು. ಒಂದು ಅಂಕಿಯ ತಿದ್ದುಪಡಿಯಿಂದ ಉಳಿದ ಸಾಕ್ಷಿಗಳ ಮಾತೂ ಬೆಲೆಗೆಟ್ಟಿತು. ಅಕ್ಟೋಬರ್ 30ರಂದು ಲೆಸ್ಯುರ್ಕನ ಶಿರಚ್ಛೇದವಾಯಿತು. ಅವನೊಡನೆ ಮರಣದಂಡನೆಗೆ ಗುರಿಯಾದ ಕುರಿಯೋಲನು ಕಡೆಯವರೆಗೂ ಅವನು ನಿರಪರಾಧಿಯೆಂದೇ ಸಾರಿದನು. ನಿಜವಾದ ಅಪರಾಧಿ ಡ್ಯುಬೋಸ್ಕನೆಂದು ಹೇಳಿದನು. ಡ್ಯುಬೋಸ್ಕನೂ ಮುಂದೆ ಸಿಕ್ಕಿಬಿದ್ದು ಅದೇ ಶಿಕ್ಷೆಗೆ ಒಳಗಾದನು.

ಈ ಕಥೆ 1850ರಲ್ಲಿ ಪ್ಯಾರಿಸಿನ ರಂಗವನ್ನೇರಿತು. 1877ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಅರ್ವಿಂಗನು ಲೆಸ್ಯುರ್ಕ್, ಡ್ಯುಬೋಸ್ಕ್ ಎರಡು ಪಾತ್ರಗಳನ್ನೂ ತಾನೇ ವಹಿಸಿದನು. ಈ ದ್ವಿಪಾತ್ರದ ಉಪಾಯವೇ ನಮ್ಮ ಪ್ರಶ್ನೆಗೆ ಉತ್ತರವನ್ನು ಸೂಚಿಸುತ್ತದೆ. ಇಬ್ಬರ ರೂಪವೂ ಒಂದೇ ಎಂಬುದು ಪ್ರೇಕ್ಷಕನಿಗೆ ಮೊದಲೇ ಗೊತ್ತು. ಆದುದರಿಂದ ಸಾಕ್ಷಿಗಳ ಭ್ರಾಂತಿಯೂ ಅವನಿಗೆ ಸ್ಪಷ್ಟ. ಮಾತಿಲ್ಲದ ಚಿತ್ರದಲ್ಲಿ ಮುಖವೇ ಪ್ರಮಾಣವಾಗುವುದರಿಂದ ಈ ನಿಶ್ಚಯ ಮತ್ತಷ್ಟು ಬಲಗೊಳ್ಳುತ್ತದೆ. ನ್ಯಾಯಸ್ಥಾನದ ಮುಂದಾದರೋ ಎರಡು ಮುಖಗಳು ಒಟ್ಟಿಗೆ ನಿಂತಿರಲಿಲ್ಲ. ಇದ್ದುದು ನೆನಪು ಮತ್ತು ತಿದ್ದಿದ ಕಾಗದ.

ಮೃತರ ಪರವಾಗಿಯೂ ಪುನರ್ವಿಚಾರಣೆಯನ್ನು ಬೇಡಲು 1867ರ ಶಾಸನ ಎಡೆಗೊಟ್ಟಿತು. ಲೆಸ್ಯುರ್ಕನ ವಂಶದವರು ಅರ್ಜಿ ಸಲ್ಲಿಸಿದರು. 1868ರಲ್ಲಿ ಫ್ರಾನ್ಸಿನ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಇಬ್ಬರ ಮೇಲಿನ ತೀರ್ಪುಗಳೂ ಏಕಕಾಲದಲ್ಲಿ ಸತ್ಯವಾಗಿರಬಹುದು, ಅವು ಪರಸ್ಪರ ವಿರುದ್ಧವಲ್ಲವೆಂಬುದು ಅದರ ನಿಲುವು.

ರಂಗ ಖುಲಾಸೆ ಮಾಡಿದವನನ್ನು ಕಾನೂನು ಖುಲಾಸೆ ಮಾಡಲಿಲ್ಲ. ಲೆಸ್ಯುರ್ಕನಲ್ಲಿ ಅನುಕಂಪ ತಾಳುವುದು ಸಹಜ. ಆದರೆ ಅನುಕಂಪವು ಆಧಾರದ ಸ್ಥಾನವನ್ನು ಆಕ್ರಮಿಸಲಾಗದು. ಅವನನ್ನು ಕೆಡಿಸಿದ್ದು ವೈರಿಯ ಸುಳ್ಳಲ್ಲ, ಅವನ ಪರವಾಗಿ ಹಾಜರಾದ ತಿದ್ದುಪಡಿಯೆಂಬುದನ್ನು ಇತಿಹಾಸ ವಿದ್ಯಾರ್ಥಿ ಮರೆಯಬಾರದು.