ಪಾಠ ಯೋಜನೆ ಮತ್ತು ಮೌಲ್ಯಮಾಪನ: ಪೋಷಕರ ಗಮನಕ್ಕೆ

ಮಧುಗಿರಿ ಶೈಕ್ಷಣಿಕ ಜಿಲ್ಲೆಯು ತುಮಕೂರು ಕಂದಾಯ ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನು ಒಳಗೊಂಡಿದೆ. ಈ ತಾಲ್ಲೂಕುಗಳ ಶಾಲೆಗಳಲ್ಲಿ 1ರಿಂದ 8ನೇ ತರಗತಿಯವರೆಗೆ ಪಾಠ ಯೋಜನೆ ಮತ್ತು ಮೌಲ್ಯಮಾಪನ ನಡೆಯಬೇಕಾದ ಕ್ರಮವನ್ನು ಪೋಷಕರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

1. ಕಲಿಕಾ ಫಲಗಳು
ತರಗತಿಯ ಅಂತ್ಯಕ್ಕೆ ಮಗುವು ಯಾವ ಸಾಮರ್ಥ್ಯವನ್ನು ಗಳಿಸಿರಬೇಕು ಎಂಬುದೇ ಕಲಿಕಾ ಫಲ. ಪ್ರಾಥಮಿಕ ಹಂತದ ಕಲಿಕಾ ಫಲಗಳನ್ನು ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು 2017ರಲ್ಲಿ ಪ್ರಕಟಿಸಿತು. ಪಠ್ಯಪುಸ್ತಕದ ಪುಟಗಳನ್ನು ಮುಗಿಸುವುದಷ್ಟೇ ಪಾಠ ಯೋಜನೆಯ ಗುರಿಯಲ್ಲ. ಕಲಿಕಾ ಫಲವನ್ನು ಸಾಧಿಸುವುದು ಅದರ ಗುರಿಯಾಗಿರತಕ್ಕದ್ದು.

2. ಪಾಠ ಯೋಜನೆ
ಶಿಕ್ಷಣ ಹಕ್ಕು ಅಧಿನಿಯಮ 2009ರ ಅನುಸೂಚಿಯಂತೆ ವರ್ಷಕ್ಕೆ 1ರಿಂದ 5ನೇ ತರಗತಿಗೆ 200 ಹಾಗೂ 6ರಿಂದ 8ನೇ ತರಗತಿಗೆ 220 ಶಾಲಾ ದಿನಗಳು ಇರಬೇಕು. ಶಿಕ್ಷಕರ ವಾರದ ಕನಿಷ್ಠ 45 ಗಂಟೆಗಳ ಕೆಲಸದಲ್ಲಿ ಪಾಠದ ಪೂರ್ವಸಿದ್ಧತೆಯ ಅವಧಿಯೂ ಸೇರಿದೆ. ಮಗುವಿನ ಮನೆಮಾತನ್ನೂ ಯೋಜನೆಯಲ್ಲಿ ಪರಿಗಣಿಸುವುದು ಅಗತ್ಯ. ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡ ಪಾವಗಡ ತಾಲ್ಲೂಕಿನಲ್ಲಿ ತೆಲುಗು ಮಾತನಾಡುವ ಮನೆಗಳಿಂದಲೂ ಮಕ್ಕಳು ಬರುವುದರಿಂದ, ಇದು ಅಲ್ಲಿ ವಿಶೇಷವಾಗಿ ಮುಖ್ಯವಾಗಿದೆ.

3. ಮೌಲ್ಯಮಾಪನ
ಶೈಕ್ಷಣಿಕ ವರ್ಷದಲ್ಲಿ ನಾಲ್ಕು ರೂಪಣಾತ್ಮಕ ಹಾಗೂ ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ನಡೆಯುತ್ತವೆ. ರೂಪಣಾತ್ಮಕ ಮೌಲ್ಯಮಾಪನದ ಉದ್ದೇಶ ಅಂಕ ನೀಡುವುದಕ್ಕಷ್ಟೇ ಸೀಮಿತವಲ್ಲ. ಉದಾಹರಣೆಗೆ, ವ್ಯವಕಲನದಲ್ಲಿ ಇಬ್ಬರು ಮಕ್ಕಳು ತಲಾ 6 ಅಂಕ ಪಡೆದಿರಬಹುದು. ಒಬ್ಬನಿಗೆ ದಶಕ ಕಳೆಯುವ ಕ್ರಮ ತಿಳಿದಿಲ್ಲ. ಇನ್ನೊಬ್ಬಳಿಗೆ ಲೆಕ್ಕ ಬರುತ್ತದೆ, ಆದರೆ ಪ್ರಶ್ನೆಯ ವಾಕ್ಯ ಅರ್ಥವಾಗಿಲ್ಲ. ಅಂಕ ಒಂದೇ ಆದರೂ ಇಬ್ಬರಿಗೂ ಬೇಕಾದ ಮುಂದಿನ ಪಾಠ ಬೇರೆ. ಈ ವ್ಯತ್ಯಾಸವನ್ನು ಗುರುತಿಸಿ ಪರಿಹಾರ ಬೋಧನೆ ಕೈಗೊಳ್ಳದಿದ್ದಲ್ಲಿ ಕೊರತೆಯು ಮುಂದಿನ ತರಗತಿಗೂ ಮುಂದುವರಿಯುತ್ತದೆ.

4. ಪೋಷಕರ ಹಕ್ಕು
ಅಧಿನಿಯಮದ 24ನೇ ಪ್ರಕರಣದಂತೆ ಶಿಕ್ಷಕರು ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ನಿರ್ಧರಿಸಿ, ಅಗತ್ಯವಿದ್ದಲ್ಲಿ ಹೆಚ್ಚುವರಿ ಬೋಧನೆ ನೀಡತಕ್ಕದ್ದು. ನಿಯಮಿತವಾಗಿ ಪೋಷಕರ ಸಭೆ ಕರೆದು ಹಾಜರಾತಿ, ಕಲಿಕೆ ಹಾಗೂ ಪ್ರಗತಿಯನ್ನು ತಿಳಿಸತಕ್ಕದ್ದು. ಸಭೆಯಲ್ಲಿ ಪೋಷಕರು ಈ ಮೂರು ವಿಷಯಗಳನ್ನು ವಿಚಾರಿಸುವುದು ಸೂಕ್ತ:

ಅ) ಮಗುವು ಸಾಧಿಸಿರುವ ಮತ್ತು ಸಾಧಿಸಬೇಕಾಗಿರುವ ಕಲಿಕಾ ಫಲಗಳು ಯಾವುವು?
ಆ) ಕಳೆದ ಮೌಲ್ಯಮಾಪನದ ನಂತರ ಬೋಧನೆಯಲ್ಲಿ ಯಾವ ಬದಲಾವಣೆ ಮಾಡಲಾಗಿದೆ?
ಇ) ಪರಿಹಾರ ಬೋಧನೆ ಯಾವಾಗ ನಡೆಯುತ್ತದೆ?

5. ಅಹವಾಲು
ಪೋಷಕರು ಮೊದಲು ತರಗತಿ ಶಿಕ್ಷಕರು ಹಾಗೂ ಮುಖ್ಯ ಶಿಕ್ಷಕರೊಂದಿಗೆ, ಸರ್ಕಾರಿ ಶಾಲೆಯಾದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೊಂದಿಗೂ ಚರ್ಚಿಸಬಹುದು. ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ಆಯಾ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳನ್ನು, ತದನಂತರ ಮಧುಗಿರಿಯಲ್ಲಿರುವ ಉಪನಿರ್ದೇಶಕರ ಕಛೇರಿಯನ್ನು ಸಂಪರ್ಕಿಸಬಹುದು. ಇದಲ್ಲದೆ, 32ನೇ ಪ್ರಕರಣದಂತೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಸಲ್ಲಿಸಲು ಅವಕಾಶವಿದ್ದು, ಅದನ್ನು ಮೂರು ತಿಂಗಳೊಳಗೆ ಇತ್ಯರ್ಥಪಡಿಸಬೇಕಾಗುತ್ತದೆ. ಆ ತೀರ್ಮಾನದ ವಿರುದ್ಧ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ದೂರಿನೊಂದಿಗೆ ಮಗುವಿನ ಪ್ರಗತಿ ಪತ್ರದ ಪ್ರತಿಯನ್ನು ಲಗತ್ತಿಸುವುದು ಹಾಗೂ ಸ್ವೀಕೃತಿ ಪಡೆಯುವುದು ಸೂಕ್ತ.