ಎಷ್ಟು ಹಚ್ಚಬೇಕು, ಯಾವಾಗ ಏಳಬೇಕು

"ಕಂಟ್ರೋಲ್ ಒಂದಿದ್ರ ಸಾಕ ಮೌಶಿ, ಬ್ಲ್ಯಾಕ್‌ಜ್ಯಾಕ್ ಆಟದಾಗ ರೊಕ್ಕ ಹೋಗಂಗಿಲ್ಲ" ಅಂತ ನನ್ನ ತಂಗಿ ಮಗಾ ಹೇಳ್ತಿರ್ತಾನ. ಅವಾ ವರ್ಷದಾಗ ಮೂರ ನಾಲ್ಕ ಸಲ ಹುಬ್ಬಳ್ಳಿಯಿಂದ ಪಣಜಿಗೆ ಹೋಗಿ, ಮಾಂಡೋವಿ ಹೊಳ್ಯಾಗ ನಿಂತಿರೋ ಕ್ಯಾಸಿನೊ ಹಡಗ ಹತ್ತಿ ಬರೋ ಪೈಕಿ. ಅವರವ್ವನ ಎರಡೂ ಪಾಟ್ಲಿ ಈಗ ಬ್ಯಾಂಕಿನ್ಯಾಗ ಅಡಾ ಕೂತಾವ. ಕೇಳಿದ್ರ, ಅಮೇರಿಕಾದಾಗ ಬರೇ ಶಿಸ್ತಿನ ಮ್ಯಾಲೆ ಈ ಆಟದಾಗ ಗೆದ್ದವರ ಹೆಸರ ಹೇಳ್ತಾನ. ಆ ಮಂದಿ ಖರೇನ ಇದ್ರು, ಖರೇನ ಗೆದ್ದಾರ. ನಾನೂ ಕೂತು ಅವರ ಇತಿಹಾಸ ಓದಿದೆ. ಓದಿದ ಮ್ಯಾಲೆ ಅನಸಿದ್ದು, ಇವಾ ಕಥಿ ಅರ್ಧಾ ಓದ್ಯಾನ ಅಂತ.

ಆಟಾ ಗೊತ್ತಿಲ್ಲದವರಿಗೆ ಎರಡ ಮಾತಿನ್ಯಾಗ ಹೇಳಿ ಬಿಡ್ತೀನಿ. ನಮ್ಮದೊಂದ ಕೈ, ಕ್ಯಾಸಿನೊದವರ ಡೀಲರಂದೊಂದ ಕೈ. ಎಲಿ ಮ್ಯಾಲಿನ ಅಂಕಿ ಕೂಡಿಸ್ತಾ ಇಪ್ಪತ್ತೊಂದರ ಸಮೀಪ ಹೋಗಬೇಕು, ದಾಟಿದ್ರ ಸೋತಂಗ. ರಾಜಾ, ರಾಣಿ, ಗುಲಾಮ ಎಲ್ಲಾ ಹತ್ತ ಹತ್ತ. ಎಕ್ಕಾ ಒಂದರ ಹಿಡೀರಿ, ಹನ್ನೊಂದರ ಹಿಡೀರಿ. ಡೀಲರಗ ಸ್ವಂತ ಬುದ್ಧಿ ಓಡಸೋ ಅಧಿಕಾರ ಇಲ್ಲಾ. 16 ಇರೋ ತನಕಾ ಎಲಿ ತಗೀಬೇಕು, 17 ಆತಂದ್ರ ನಿಂದರಬೇಕು. ಅವನ ಶಿಸ್ತನ್ನ ನಿಯಮದಾಗನ ಬರದ ಇಟ್ಟಾರ. ನಮ್ಮ ಶಿಸ್ತನ್ನ ಮಾತ್ರ ನಮ್ಮ ಕೈಯಾಗ ಬಿಟ್ಟಾರ! ಇನ್ನ ಕ್ಯಾಸಿನೊದವರಿಗೆ ಲಾಭ ಎಲ್ಲಿಂದ ಅಂದ್ರ, ಮೊದಲ ಎಲಿ ಎಳಿಯೋರು ನಾವು. ನಾವು ದಾಟಿ ಹ್ವಾದ ಮ್ಯಾಲೆ ಡೀಲರೂ ದಾಟಿದ್ರ ನಮ್ಮ ರೊಕ್ಕ ವಾಪಸ್ ಬರಂಗಿಲ್ಲ.

1950ರ ದಶಕದಾಗ ಮೇರಿಲ್ಯಾಂಡಿನ ಅಬರ್ಡೀನ್ ಅನ್ನೋ ಊರಾಗ, ಸೈನ್ಯದ ನೆಲಿಯೊಳಗ ಕೆಲಸಕ್ಕಿದ್ದ ನಾಲ್ಕ ಮಂದಿ ಈ ಆಟದ ಲೆಕ್ಕಾ ಹಾಕಲಿಕ್ಕೆ ಕೂತ್ರು. ರೋಜರ್ ಬಾಲ್ಡ್ವಿನ್, ವಿಲ್ಬರ್ಟ್ ಕ್ಯಾಂಟಿ, ಹರ್ಬರ್ಟ್ ಮೈಸೆಲ್, ಜೇಮ್ಸ್ ಮೆಕ್‌ಡರ್ಮಟ್. ಕೈಯಾಗ ಕಂಪ್ಯೂಟರ್ ಇಲ್ಲ, ಮೇಜಿನ ಮ್ಯಾಲಿನ ಲೆಕ್ಕದ ಯಂತ್ರ ಅಷ್ಟ. 1956ರಾಗ ಅಮೇರಿಕಾದ ಸಂಖ್ಯಾಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಅವರ ಲೇಖನ ಬಂತು. ನಿಮ್ಮ ಕೈಯಾಗ ಇಷ್ಟಿದ್ದು ಡೀಲರನ ತೆರೆದ ಎಲಿ ಇಂಥಾದ್ದಿದ್ರ ಏನ ಮಾಡಬೇಕು ಅನ್ನೋದಕ್ಕ ಒಂದ ಪಟ್ಟಿ. ನಿಮ್ಮದು 16, ಡೀಲರಂದು 6 ಆದ್ರ ಸುಮ್ಮನ ಕೂಡ್ರಿ. ನಿಮ್ಮದು 16, ಅವಂದು 10 ಆದ್ರ ಇನ್ನೊಂದ ಎಲಿ ತಗೀರಿ. ಎರಡನೇದ್ದನ್ನ ಮಾಡೋವಾಗ ಹೊಟ್ಟ್ಯಾಗ ಕಳವಳ ಆಗ್ತದ, ಯಾಕಂದ್ರ ದಾಟೋ ಸಂಭವನ ಜಾಸ್ತಿ. ಆದ್ರೂ ತಗೀಬೇಕು, ಇದ್ದದ್ರಾಗ ಅದ ಕಡಿಮಿ ನಷ್ಟದ ಹಾದಿ.

ಇಲ್ಲೊಂದ ಮಾತು ಗಮನ ಇಟ್ಟು ಕೇಳ್ರಿ. ಆ ಪಟ್ಟಿ ಪ್ರಕಾರ ಒಂದೂ ತಪ್ಪಿಲ್ಲದ ಆಡಿದ್ರೂ ಕ್ಯಾಸಿನೊದವರ ಕೈಯ ಮ್ಯಾಲ. ನೂರಕ್ಕ ಒಂದ ರೂಪಾಯಿಗಿಂತ ಕಡಿಮಿ ಖರೆ, ಆದ್ರ ಅವರ ಕಡೇನ. ಅರ್ಧಾ ರೂಪಾಯಿ ಅಂತ ಹಿಡೀರಿ. ಒಂದ ಕೈಗೆ ನೂರ ರೂಪಾಯಿ ಹಚ್ಚಿ, ತಾಸಿಗೆ ಅರವತ್ತ ಕೈ ಆಡಿದ್ರ ಆರ ಸಾವಿರದ ವ್ಯವಹಾರ. ಸರಾಸರಿ ತಾಸಿಗೆ ಮೂವತ್ತ ರೂಪಾಯಿ ಹೋತು. ಮನಸ್ಸಿಗೆ ಬಂದಂಗ ಆಡೋವರದು ಇದರ ಎಷ್ಟೋ ಪಟ್ಟು ಹೋಗ್ತದ. ಅಂದ್ರ ಬರೇ ಶಿಸ್ತಿನಿಂದ ಸೋಲೂದು ಸಾವಕಾಶ ಆಗ್ತದ, ಅಷ್ಟ. ನಮ್ಮ ಹುಡುಗಾ "ಕಂಟ್ರೋಲ್" ಅಂತ ಕರಿಯೋದು ಇದನ್ನ.

ಎಡ್ವರ್ಡ್ ಥಾರ್ಪ್ ಅನ್ನೋ ಗಣಿತದ ಮಾಸ್ತರ 1958ರ ಕ್ರಿಸ್‌ಮಸ್ ಸೂಟಿಯೊಳಗ ಲಾಸ್ ವೇಗಸ್‌ಗೆ ಹೋದಾಗ ಇದನ್ನ ಕಣ್ಣಾರೆ ಕಂಡ್ರು. ಆ ಪಟ್ಟಿಯನ್ನ ಸಣ್ಣ ಕಾಗದದ ಮ್ಯಾಲೆ ಬರಕೊಂಡು ಅಂಗೈಯಾಗ ಹಿಡಕೊಂಡು ಕೂತ್ರು. ತಂದದ್ದು ಹತ್ತ ಬೆಳ್ಳಿ ಡಾಲರ್, ಎದ್ದಾಗ ಹೋಗಿದ್ದು ಎಂಟೂವರಿ. ಆದ್ರ ಮನಿಗೆ ಬಂದ ಮ್ಯಾಲೆ ಬ್ಯಾರೆ ಪ್ರಶ್ನೆ ಹತ್ತಿತು: ಒಮ್ಮೆ ಹೊರಗ ಬಿದ್ದ ಎಲಿ ಕಟ್ಟಿನ್ಯಾಗ ಮತ್ತ ಇರಂಗಿಲ್ಲಲ್ಲ? ಎಂ.ಐ.ಟಿ.ಯೊಳಗ ಐಬಿಎಂ 704 ಕಂಪ್ಯೂಟರ್ ಮ್ಯಾಲೆ ಲೆಕ್ಕಾ ಹಾಕಿಸಿ ನೋಡಿದ್ರು. ಐದರ ಎಲಿ ನಾಲ್ಕೂ ಹೊರಗ ಬಿದ್ದಿದ್ರ ಆಟಾ ಆಟಗಾರನ ಕಡೆ ವಾಲ್ತದ. ಸಣ್ಣ ಎಲಿ ಖಾಲಿ ಆಗಿ ಹತ್ತು, ಎಕ್ಕಾ ಉಳಿದ್ರ ನಮಗ ಲಾಭ, ಯಾಕಂದ್ರ 16ರ ಮ್ಯಾಲೂ ಎಲಿ ತಗೀಲೇಬೇಕಾದ ಡೀಲರ್ ದಾಟಿ ಬೀಳ್ತಾನ.

(ನಳನ ಕಥ್ಯಾಗೂ ಎಣಿಕಿನ ಅದ, ನೆನಪ ಮಾಡ್ಕೊಳ್ರಿ. ಋತುಪರ್ಣ ತಾರೀ ಗಿಡದ ಎಲಿ, ಕಾಯಿ ಎಣಿಸಿ ಹೇಳಿದ, ನಳ ಆ ವಿದ್ಯಾ ಕಲಿತ ಮ್ಯಾಲೇನ ಪುಷ್ಕರನ ಎದುರ ಕೂತದ್ದು. ಅದೂ ಒಂದ ಪಣಕ್ಕ ಗೆದ್ದು ಎದ್ದ. ಎಣಿಕಿ ಬರದಾಗ ತಿಂಗಳಾನುಗಟ್ಟಲೆ ಕೂತು ರಾಜ್ಯ ಕಳಕೊಂಡಿದ್ದ.)

ಲಾಭ ಯಾವಾಗ ಅನ್ನೋದು ಗೊತ್ತಾತು. ಎಷ್ಟು ಹಚ್ಚಬೇಕು? ಇದಕ್ಕ ಉತ್ತರ ಕೊಟ್ಟದ್ದು ಜಾನ್ ಕೆಲ್ಲಿ, ಬೆಲ್ ಪ್ರಯೋಗಾಲಯದವರು, ಅದೂ 1956ರಾಗನ. ಥಾರ್ಪ್‌ಗೆ ಆ ಲೇಖನ ತೋರಿಸಿದವರು ಕ್ಲಾಡ್ ಶ್ಯಾನನ್. ನೂರಕ್ಕ 51 ಸಲ ನೀವು ಗೆಲ್ಲೋ, ಹಚ್ಚಿದಷ್ಟ ಬರೋ ಆಟಾ ಅದ ಅಂತ ತಿಳೀರಿ. ಆಗ ಕೈಯಾಗಿನ ರೊಕ್ಕದಾಗ ನೂರಕ್ಕ ಎರಡ ಮಾತ್ರ ಹಚ್ಚಬೇಕು. ಹತ್ತ ಸಾವಿರ ಇದ್ರ ಇನ್ನೂರು. ಸೋತ್ರ ಉಳಿದದ್ದು 9,800. ಮುಂದ ಹಚ್ಚೋದು 196. ಸೋತಾಗ ಕಡಿಮಿ ಮಾಡಬೇಕು, ನಾವು ಮಾಡೋದರ ಬರೋಬ್ಬರಿ ಉಲ್ಟಾ. ನನಗ ಎದಿ ಝಲ್ ಅಂದದ್ದು ಇನ್ನೊಂದಕ್ಕ: ಎರಡರ ಬದಲಿ ನಾಲ್ಕ ಹಚ್ಚಿದ್ರ, ಆಟಾ ನಿಮ್ಮ ಕಡೆ ಇದ್ದಾಗೂ, ದೀರ್ಘಕಾಲದಾಗ ರೊಕ್ಕ ಬೆಳಿಯೋದು ನಿಂತ ಬಿಡ್ತದ. ಅದಕ್ಕಿಂತ ಜಾಸ್ತಿ ಹಚ್ಚಿದ್ರ ಕರಗ್ತದ. ಆಸಿ ಪಾಪ ಅಂತ ಅಜ್ಜಿ ಹೇಳಿದ್ದಕ್ಕಿಂತ ಈ ಲೆಕ್ಕಾ ನನಗ ಹೆಚ್ಚ ಹೆದರಿಸ್ತು.

1961ರಾಗ ಇಬ್ಬರು ಶ್ರೀಮಂತರು ಥಾರ್ಪ್‌ಗೆ ಒಂದ ಲಕ್ಷ ಡಾಲರ್ ಕೊಡಲಿಕ್ಕೆ ತಯಾರಾಗಿದ್ರು. ಇವರು ಹತ್ತ ಸಾವಿರ ಸಾಕು ಅಂದ್ರು. ನೆವಾಡಾಕ್ಕ ಹೋದ ಮ್ಯಾಲೂ ಮೊದಲ ಒಂದರಿಂದ ಹತ್ತ ಡಾಲರಿನ ಆಟಾನ. ಸಂಗಡ ಬಂದವರಿಗೆ ಕೂತಲ್ಲೆ ಬ್ಯಾಸರ. ಕೈ ಕುದುರಿ, ಮನಸ್ಸು ಅಳಕದಂಗ ಆದ ಮ್ಯಾಲೆ ಸ್ವಲ್ಪ ಏರಿಸಿದ್ರು, ಮತ್ತ ಸ್ವಲ್ಪ. ಕಡೀಕ 50ರಿಂದ 500. ಸುಮಾರ ಮೂವತ್ತ ತಾಸಿನ ಆಟದಾಗ ಹತ್ತ ಸಾವಿರ ಇಪ್ಪತ್ತೊಂದ ಸಾವಿರ ಆತು. ಆದ್ರ ಒಂದ ರಾತ್ರಿ ಆ ಶ್ರೀಮಂತರಾಗ ಒಬ್ಬರಿಗೆ ಹುರುಪ ಏರಿ ಏಳವೊಲ್ರು. ಅವರನ್ನ ರಮಿಸಿ ಎಬ್ಬಸೂದ್ರಾಗ ಗೆದ್ದದ್ದರಾಗ ದೊಡ್ಡ ಪಾಲು ಹೋಗಿತ್ತು. ಎಣಿಕಿ ಅದ, ಸೂತ್ರದ, ಪಕ್ಕಕ್ಕ ಸ್ವತಃ ಥಾರ್ಪ್ ನಿಂತಾರ, ಆದ್ರೂ ಹಂಗ.

1962ರಾಗ ಥಾರ್ಪ್ ಅವರ ಪುಸ್ತಕ ಬಂತು, ಬಿಸಿ ಬಿಸಿ ಖರ್ಚಾತು. ಹೆದರಿದ ಲಾಸ್ ವೇಗಸ್ ಕ್ಯಾಸಿನೊಗಳು 1964ರ ಏಪ್ರಿಲ್ 1ಕ್ಕ ನಿಯಮ ಬಿಗಿ ಮಾಡಿದ್ವು, ಗಿರಾಕಿ ಬರೋದು ಕಡಿಮಿ ಆತು ಅಂತ ಕೆಲವು ವಾರದಾಗ ವಾಪಸ್ ತಗೊಂಡ್ವು. ನಷ್ಟ ಆಗೂದೇನು, ಪುಸ್ತಕ ಕೊಂಡವರು ಸಾಲಗಟ್ಟಿ ಬಂದು ಸೋಲ್ತಿದ್ರು! ಓದೋದು ಬ್ಯಾರೆ, ಗದ್ದಲದಾಗ ನಾಲ್ಕ ತಾಸು ಕೂತು ಪಾಲಿಸೋದು ಬ್ಯಾರೆ.

ಪಾಲಿಸಿದವರು ಎಂ.ಐ.ಟಿ. ತಂಡದವರು. 1980ರಾಗ ಬಿಲ್ ಕಪ್ಲಾನ್ ಬಂದು, ಅಂಗಡಿ ನಡಸಿದಂಗ ನಡಸೋದಿದ್ರ ಮಾತ್ರ ಬರ್ತೀನಿ ಅಂದ್ರು. 89,000 ಡಾಲರ್ ಬಂಡವಾಳ. ಪರೀಕ್ಷಾ ಪಾಸಾಗದ ಯಾರೂ ಟೇಬಲ್‌ಗೆ ಕೂಡಂಗಿಲ್ಲ, ಆಡಿದ್ದಕ್ಕೆಲ್ಲಾ ಲೆಕ್ಕಾ ಬರೀಬೇಕು. ಸ್ವಂತ ಮನಸ್ಸಿನ ಮ್ಯಾಲೆ ಅವರಿಗೆ ಭರೋಸಾ ಇರಲಿಲ್ಲ, ಅದಕ್ಕ ವಹಿ ಇಟ್ಟಿದ್ರು. ನಮ್ಮ ಹುಡುಗನ್ನ ಕೇಳಿದೆ, ಎಷ್ಟು ಹೋತು, ಬರದಿಟ್ಟೀಯೇನು ಅಂತ. ಅದೆಲ್ಲಾ ತಲ್ಯಾಗ ಅದ ಮೌಶಿ ಅಂದ.

ಇನ್ನ ಕ್ಯಾಸಿನೊದವರ ಕಥಿ ನೋಡ್ರಿ. ತಡಕೊಂಡು, ಎಣಿಸಿ ಆಡೋವರನ್ನ ಕಂಡ್ರ ಅವರು ಹೊರಗ ಹಾಕ್ತಾರ. ಕೆನ್ ಅಸ್ಟನ್ ಅನ್ನೋ ಆಟಗಾರ ಇದಕ್ಕ ಕೋರ್ಟಿಗೆ ಹೋದ್ರು. 1982ರಾಗ ನ್ಯೂ ಜರ್ಸಿ ಸುಪ್ರೀಂ ಕೋರ್ಟ್, ಎಣಿಸಿ ಆಡ್ತಾರ ಅಂತ ಕ್ಯಾಸಿನೊ ತಾನಾಗೇ ಯಾರನ್ನೂ ಹೊರಗ ಹಾಕಂಗಿಲ್ಲ ಅಂತ ತೀರ್ಪ ಕೊಡ್ತು. ಅಟ್ಲಾಂಟಿಕ್ ಸಿಟಿ ಕ್ಯಾಸಿನೊದವರು ಕಟ್ಟ ಹೆಚ್ಚ ಮಾಡಿ, ಜಲ್ದಿ ಜಲ್ದಿ ಕಲಸೋ ಹಾದಿ ಹಿಡದ್ರು. ನೆವಾಡಾದಾಗ ಇವತ್ತಿಗೂ ಹೊರಗ ಹಾಕಬಹುದು. ಈಗ ಹಗಲೆಲ್ಲಾ ಎಲಿ ಕಲಸೋ ಯಂತ್ರ ಬಂದಾವ, ಬಿದ್ದ ಎಲಿ ಹೊಳ್ಳಿ ಒಳಗ ಹೋಗ್ತದ, ಎಣಿಸಲಿಕ್ಕೆ ಏನೂ ಉಳಿಯಂಗಿಲ್ಲ. ಎಕ್ಕಾ-ಹತ್ತು ಕೂಡಿ ಬಂದ್ರ ಮೊದಲ ಹತ್ತ ಡಾಲರಿಗೆ ಹದಿನೈದ ಕೊಡ್ತಿದ್ರು. ವೇಗಸ್‌ನ ಎಷ್ಟೋ ಟೇಬಲಿನ ಮ್ಯಾಲೆ ಈಗ ಕೊಡೋದು ಹನ್ನೆರಡ.