ಹೊಲದಲ್ಲಿ ಬೆಳೆಯುವ ವಿಷ: ಹೊಗೆಸೊಪ್ಪಿನ ಇತಿಹಾಸ



ಕಣಗಿಲೆಯ ಕಡ್ಡಿಯನ್ನು ಬಾಯಿಗಿಡಬಾರದು, ಉಮ್ಮತ್ತಿಯ ಕಾಯಿ ತಿನ್ನಬಾರದು ಎಂದು ಹಿರಿಯರು ನಮಗೆ ಹೇಳಿಕೊಟ್ಟಿದ್ದಾರೆ. ಆದರೆ ಹುಣಸೂರಿನಿಂದ ಹೊರಟು ನಾಗರಹೊಳೆ ಕಾಡಿನ ಬಾಗಿಲಾದ ವೀರನಹೊಸಹಳ್ಳಿಯವರೆಗೆ ಮಳೆಗಾಲದಲ್ಲೊಮ್ಮೆ ಹೋಗಿ ನೋಡಿ. ಈ ಸೀಮೆಯ ಹೊಲಗಳಲ್ಲಿ ಹಸಿರಾಗಿ ನಿಂತ ಹೊಗೆಸೊಪ್ಪೂ ವಿಷದ ಗಿಡವೇ. ಆದರೂ ಯಾರೂ ಅದನ್ನು ಹಾಗೆ ಕರೆಯುವುದಿಲ್ಲ. ಏಕೆಂದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಸಾವಿರಾರು ಮನೆಗಳಿಗೆ ಅದು ಅನ್ನ ಕೊಡುವ ಬೆಳೆ.

ಈ ಗಿಡ ನಮ್ಮ ನೆಲದ್ದಲ್ಲ. ಅಮೆರಿಕ ಖಂಡದ ಈ ಸಸ್ಯವನ್ನು ಪೋರ್ಚುಗೀಸರು ಭಾರತಕ್ಕೆ ತಂದರು. 1604ರ ಸುಮಾರಿಗೆ ಮೊಗಲ್ ದೂತ ಅಸದ್ ಬೇಗ್ ನಮ್ಮ ಬಿಜಾಪುರದಲ್ಲಿ ಇದನ್ನು ಕಂಡು, ಅಂದದ ಹುಕ್ಕಾದ ಸಮೇತ ಅಕ್ಬರನ ಆಸ್ಥಾನಕ್ಕೆ ಒಯ್ದನು. ಬಾದಶಹನು ಕುತೂಹಲದಿಂದ ಸೇದಿ ನೋಡಿದಾಗ ಹಕೀಮರು ತಡೆದರು. ನಮ್ಮ ವೈದ್ಯ ಗ್ರಂಥಗಳಲ್ಲಿ ಇಲ್ಲದ, ಪರೀಕ್ಷೆಯಾಗದ ವಸ್ತುವನ್ನು ಬಳಸುವುದು ಹೇಗೆ ಎಂಬುದು ಅವರ ವಾದ. ಪರದೇಶದ ಜಾಣರು ಬಳಸುತ್ತಾರೆ, ಯಾವುದಾದರೂ ಮೊದಲು ಹೊಸದೇ ಅಲ್ಲವೇ ಎಂಬುದು ಅಸದ್ ಬೇಗನ ವಾದ. ಅಕ್ಬರನಿಗೆ ಈ ಚಟ ಹಿಡಿಯಲಿಲ್ಲ. ಆದರೆ ಅಮೀರರಿಗೆ ಹಿಡಿಯಿತು. 1617ರಲ್ಲಿ ಜಹಾಂಗೀರ್, 1633ರಲ್ಲಿ ತುರ್ಕಿಯ ಸುಲ್ತಾನ ನಾಲ್ಕನೇ ಮುರಾದ್ ಇದನ್ನು ನಿಷೇಧಿಸಿದರು. ಚಟದ ಮುಂದೆ ರಾಜಾಜ್ಞೆಯೂ ಸೋತಿತು.

ಹಕೀಮರ ಅನುಮಾನಕ್ಕೆ ಉತ್ತರ ದೊರೆತದ್ದು ಬಹಳ ತಡವಾಗಿ. 1828ರಲ್ಲಿ ಜರ್ಮನಿಯ ಪೋಸೆಲ್ಟ್ ಮತ್ತು ರೈಮನ್ ಈ ಎಲೆಯಿಂದ ನಿಕೋಟಿನ್ ಎಂಬ ವಿಷವನ್ನು ಬೇರ್ಪಡಿಸಿದರು. ಮುಂದೆ ಇದು ಕೀಟನಾಶಕವಾಗಿಯೂ ಬಳಕೆಯಾಯಿತು. ಹೊಗೆಸೊಪ್ಪಿನ ಕಷಾಯ ಸಿಂಪಡಿಸಿ ಹುಳು ಕೊಲ್ಲುವುದು ನಮ್ಮ ರೈತರಿಗೂ ಗೊತ್ತು. ಸೇದದಿದ್ದರೂ ಈ ವಿಷ ಮೈಗೆ ಸೇರಬಲ್ಲದು. ಮಳೆಯಲ್ಲೋ ಇಬ್ಬನಿಯಲ್ಲೋ ತೊಯ್ದ ಎಲೆ ಮುರಿಯುವಾಗ ನೀರಿನಲ್ಲಿ ಕರಗಿದ ನಿಕೋಟಿನ್ ಚರ್ಮದ ಮೂಲಕ ಒಳಗಿಳಿಯುತ್ತದೆ. ವಾಕರಿಕೆ, ವಾಂತಿ, ತಲೆಸುತ್ತು, ತಲೆನೋವು, ನಿಶ್ಶಕ್ತಿ ಇದರ ಲಕ್ಷಣಗಳು. ಬಿಸಿಲಿನ ಆಯಾಸವೆಂದು ಎಷ್ಟೋ ಜನ ಸುಮ್ಮನಾಗುತ್ತಾರೆ. ಮಕ್ಕಳ ಎಳೆಯ ಮೈಗೆ ಅಪಾಯ ಇನ್ನೂ ಹೆಚ್ಚು.

ಹಾಗೆಂದು ರೈತನನ್ನು ದೂರುವುದು ನ್ಯಾಯವಲ್ಲ. 1976ರಲ್ಲಿ ತಂಬಾಕು ಮಂಡಳಿ ರಚನೆಯಾಯಿತು. 1984ರಲ್ಲಿ ಕರ್ನಾಟಕದಲ್ಲಿ ಮಂಡಳಿಯ ಹರಾಜು ಆರಂಭವಾಯಿತು. ಸಾಲ ಮಾಡಿ ಬ್ಯಾರನ್ ಕಟ್ಟಿಸಿ, ಸೌದೆ ಉರಿಸಿ ಎಲೆ ಹದಮಾಡುವ ಕುಟುಂಬ ಒಂದೇ ದಿನದಲ್ಲಿ ಬೆಳೆ ಬದಲಿಸಲಾರದು. 2005ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವೂ ಬೆಳೆಗಾರರಿಗೆ ಬದಲಿ ಜೀವನೋಪಾಯ ಒದಗಿಸಬೇಕೆನ್ನುತ್ತದೆ. ಭಾರತವೂ ಅದಕ್ಕೆ ಸಹಿ ಹಾಕಿದೆ.

ಅಲ್ಲಿಯವರೆಗೆ ನಮ್ಮ ಕೈಲಾದದ್ದನ್ನು ಮಾಡೋಣ. ಒದ್ದೆ ಎಲೆ ಮುರಿಯಬೇಡಿ. ಕೈಗವಸು, ತುಂಬುತೋಳಿನ ಅಂಗಿ ಧರಿಸಿ. ನೆನೆದ ಬಟ್ಟೆ ಕೂಡಲೇ ಬದಲಿಸಿ, ಸೋಪಿನಿಂದ ಮೈ ತೊಳೆಯಿರಿ. ಮಕ್ಕಳನ್ನು ಹೊಲಕ್ಕಲ್ಲ, ಶಾಲೆಗೆ ಕಳುಹಿಸಿ.

ವಿದ್ಯಾರ್ಥಿ ಮಿತ್ರರೇ, ನಾಳೆ ಗೆಳೆಯನೊಬ್ಬ ಸಿಗರೇಟು ಚಾಚಿ "ಎಲ್ಲರೂ ಸೇದುತ್ತಾರೆ" ಎಂದರೆ, ಅದು ಅಸದ್ ಬೇಗನ ಹಳೆಯ ವಾದವೇ ಎಂಬುದು ನೆನಪಿರಲಿ. ಹಕೀಮರ ಬಳಿ ಅಂದು ಪುರಾವೆ ಇರಲಿಲ್ಲ, ನಿಮ್ಮ ಬಳಿ ಇದೆ. ಈ ದೇಹ ಅಲ್ಲಾಹನು ನಮಗೆ ಒಪ್ಪಿಸಿದ ಅಮಾನತ್ತು. ತಿಳಿದೂ ತಿಳಿದೂ ಅದಕ್ಕೆ ವಿಷ ಉಣಿಸುವ ಹಕ್ಕು ನಮಗಿಲ್ಲ.